ಗುಡುಗಣ್ಣ ಬಚ್ಚಿಟ್ಟ ಬೇಸ್

“ಇನ್ನೊಂದು ಸಲ ಒತ್ತಪ್ಪ,” ಎಂದರು ಬರಹದಮ್ಮ.

ಬೆಸುಗೆಯವನು ಬೂದುಬಣ್ಣದ ಪೆಟ್ಟಿಗೆಯ ಮೇಲಿನ ರಬ್ಬರ್ ಗುಂಡಿಯನ್ನು ಒತ್ತಿದ. ಸ್ಪೀಕರಿನಿಂದ ಒಂದು ಹೆಣ್ಣುದನಿ ಓಡೋಡಿ ಬಂತು.

“ಹನ್ನೆರಡು ವರ್ಷ ನಿನಗಾಗಿ ಸವೆದೆ. ಹೆಸರು ನಿನಗೆ, ಸವೆತ ನನಗೆ. ಒಂದು ದಿನ ನೀನೂ ಬೀಳ್ತೀಯ.”

ಅಷ್ಟೇ. ನಾಲ್ಕು ಸೆಕೆಂಡು.

“ಸಾಕಾಯ್ತಾ?” ಎಂದ ದೊಡ್ಡಣ್ಣ, ಕಿಟಕಿಗೆ ಒರಗಿಕೊಂಡೇ. “ಮದುವೆಯಾಗಿ ಎಷ್ಟು ವರ್ಷ ಆಯ್ತು ಅಂತ ಅವಳನ್ನೇ ಕೇಳಿ.”

“ಹನ್ನೆರಡು, ಭಾವ,” ಎಂದಳು ಹೊಲಿಗೆಯವಳು ಮೆಲ್ಲಗೆ. ಅವಳ ಕಣ್ಣು ಸ್ಪೀಕರಿನ ಮೇಲೇ ಇತ್ತು. ಅದರೊಳಗೆ ತನ್ನನ್ನೇ ಯಾರೋ ಕೂಡಿಹಾಕಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದಳು.

ಅವಳ ಗಂಡ ಗುಡುಗಣ್ಣ ಯಂತ್ರಗಳಲ್ಲಿ ಹಾಡು ಕಟ್ಟುವವನು; ಅವನು ತನ್ನ ಈ ಕೆಲಸದ ಕೋಣೆಯ ಹೊರಗಿನ ಮೆಟ್ಟಿಲ ಬುಡದಲ್ಲಿ ಬಿದ್ದು ಸಿಕ್ಕಿ ಅಂದಿಗೆ ಒಂಬತ್ತು ದಿನ. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿರಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಕರೆದರೆ ಬಲಗೈಯ ಕಿರುಬೆರಳು ಒಂದಿಷ್ಟು ಅಲ್ಲಾಡುತ್ತದೆ, ಬೇರೆ ಯಾರು ಕರೆದರೂ ಇಲ್ಲ ಎಂದು ನರ್ಸ್ ಹೇಳಿದ್ದಳು. ತಳ್ಳಿದವಳು ಅವಳೇ ಎಂದು ಅವನ ಅಣ್ಣನಾದ ದೊಡ್ಡಣ್ಣ ದೂರು ಕೊಟ್ಟಿದ್ದ. ಐದು ಗಂಟೆಗೆ ಇನ್ಸ್‌ಪೆಕ್ಟರ್ ಬರುವವರಿದ್ದರು. ದನಿ ಅವಳದೇ ಎಂದು ನಿಂತರೆ ಆಕೆ ಠಾಣೆಗೆ. ಆ ಕಿರುಬೆರಳನ್ನು ಕರೆಯಲು ಆಮೇಲೆ ಯಾರೂ ಇಲ್ಲ.

ಆಗ ನಾಲ್ಕೂ ಇಪ್ಪತ್ತಾಗಿತ್ತು.

ಬರಹದಮ್ಮ ಪುಸ್ತಕ ಬಿಡಿಸಿ ಪೆನ್ಸಿಲ್ ಹಿಡಿದರು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದವರು ಅವರು. ಕೊಲೆಗಾರ ಅತ್ತರೂ, ವಕೀಲ ಕೂಗಿದರೂ ಅವರ ಪುಸ್ತಕದಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆ ಗೀಟು, ಕೊಕ್ಕೆ, ಚುಕ್ಕಿಗಳನ್ನು ಊರಲ್ಲಿ ಅವರೊಬ್ಬರೇ ಓದಬಲ್ಲರು. ನಿವೃತ್ತಿಯಾದ ಮೇಲೆ ಜನ ತಮ್ಮ ತಮ್ಮ ಗೋಜಲು ಹಿಡಿದು ಅವರ ಜಗಲಿಗೆ ಬರತೊಡಗಿದ್ದರು. ಕೇಳಿಸಿಕೊಳ್ಳುವವರು ಕಡಿಮೆಯಾದ ಲೋಕದಲ್ಲಿ ಕೇಳಿಸಿಕೊಳ್ಳುವುದೇ ಒಂದು ಪತ್ತೇದಾರಿ.

ಆದರೆ ಇವತ್ತು ಅವರಿಗೂ ತಲೆಬುಡ ಸಿಕ್ಕಿರಲಿಲ್ಲ. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡಲಿಲ್ಲ. ಬೇಡವೆಂದರೂ ಆ ದನಿ ಒಳಗೆ ಹೋಗಿ ಕೂತಿತ್ತು. ಅದು ಹೊಲಿಗೆಯವಳ ದನಿಯ ಹಾಗೇ ಇತ್ತು. ಆದರೂ ಏನೋ ಒಂದು, ಹಲ್ಲಿಗೆ ಸಿಕ್ಕ ನಾರಿನ ಹಾಗೆ, ಬಿಡದೆ ಕಾಡುತ್ತಿತ್ತು.

“ತಂಗಿ, ಇದು ನಿನ್ನ ಮಾತಾ?”

“ದನಿ ನನ್ನ ಹಾಗೇ ಇದೆ ಅಮ್ಮಾ. ಮಾತು ನನ್ನದಲ್ಲ. ನಿನ್ನೆ ಇದನ್ನ ಕೇಳಿದಾಗಿನಿಂದ, ಯಾವತ್ತಾದರೂ ಆಡಿ ಮರೆತಿದ್ದೀನಾ ಅಂತ ನನ್ನನ್ನೇ ಕೇಳ್ಕೊಳ್ತಾ ಇದ್ದೀನಿ.”

“ಆಹಾ!” ದೊಡ್ಡಣ್ಣ ಕೈ ತಟ್ಟಿದ. “ಬಾಯಿ ಅವಳದು, ಮಾತು ಮಾತ್ರ ಪಕ್ಕದ ಮನೆಯದು!”

ಬರಹದಮ್ಮ ಅವನತ್ತ ತಿರುಗಲಿಲ್ಲ. “ಬಿದ್ದ ಸದ್ದು ಎದುರುಮನೆಯವರಿಗೆ ಕೇಳಿದ್ದು ಹನ್ನೊಂದೂ ಇಪ್ಪತ್ತಕ್ಕೆ. ನೀನು ಶಾಲೆಗೆ ಸಮವಸ್ತ್ರ ಕೊಟ್ಟು ಹೊರಟಿದ್ದು ಹನ್ನೊಂದಕ್ಕೆ. ಮನೆಗೆ ಬಂದದ್ದು ಹನ್ನೊಂದೂ ನಲವತ್ತಕ್ಕೆ. ಇಪ್ಪತ್ತು ನಿಮಿಷದ ದಾರಿಗೆ ನಲವತ್ತು ನಿಮಿಷ ಯಾಕೆ ಹಿಡೀತು?”

“ನಿಧಾನಕ್ಕೆ ನಡೆದೆ.”

“ಬಸವನಹುಳ ಇವಳಿಗಿಂತ ಮುಂಚೆ ಮನೆ ಸೇರ್ತಿತ್ತು,” ಎಂದ ದೊಡ್ಡಣ್ಣ.

ಹೊಲಿಗೆಯವಳು ಸೆರಗಿನ ಅಂಚನ್ನು ಉಗುರಿನಿಂದ ಮಡಿಚತೊಡಗಿದಳು. ಸುಳ್ಳು ಹೇಳಿ ರೂಢಿಯಿಲ್ಲದ ಕೈ ಅದು. ಬರಹದಮ್ಮ ಅದನ್ನೂ ನೋಡಿಕೊಂಡರು, ಕೆದಕಲಿಲ್ಲ. ಹಣ್ಣಾಗದ್ದನ್ನು ಕಿತ್ತರೆ ಒಗರು.

“ಈ ಪೆಟ್ಟಿಗೆಯ ಕಥೆ ನನಗೆ ಇನ್ನೊಂದು ಸಲ ಹೇಳಪ್ಪ,” ಎಂದರು ಬೆಸುಗೆಯವನಿಗೆ. “ಹಳ್ಳಿಯ ಅಜ್ಜಿಗೆ ಹೇಳೋ ಹಾಗೆ ಹೇಳು.”

ಬೆಸುಗೆಯವನು ರೇಡಿಯೋ, ಆಂಪ್ಲಿಫೈಯರು ರಿಪೇರಿ ಮಾಡುವವನು. ಬೆರಳ ತುದಿಯೆಲ್ಲ ಸುಟ್ಟ ಕಲೆ. ಹೆಣ್ಣುಮಕ್ಕಳು ನಾಚುವಷ್ಟು ಮೆತ್ತಗಿನ ಮಾತು. ಗುಡುಗಣ್ಣನ ಯಂತ್ರಗಳ ಒಳಹೊರಗು ಗೊತ್ತಿದ್ದವನು ಅವನೊಬ್ಬನೇ. ಹಾಗಾಗಿ ನಿನ್ನೆ ದೊಡ್ಡಣ್ಣನೇ ಅವನನ್ನು ಕರೆತಂದು ಪೆಟ್ಟಿಗೆ ತೆಗೆಸಿದ್ದ.

“ಇದು ಸ್ಯಾಂಪ್ಲರ್ ಅಮ್ಮಾ. ಯಾವ ಸದ್ದನ್ನಾದ್ರೂ ನುಂಗಿಸಬಹುದು. ಗೇಟು ಕಿರ್ ಅಂದದ್ದು, ಡಬ್ಬಿ ಬಿದ್ದದ್ದು, ಏನೇ ಆಗ್ಲಿ. ನುಂಗಿದ ಸದ್ದನ್ನ ಹಾರ್ಮೋನಿಯಂ ಮನೆಗಳ ಹಾಗೆ, ಒಂದೊಂದೇ ಸ್ವರದ ಮನೆ ಮೇಲೇರಿಸಿ, ಕೆಳಗಿಳಿಸಿ ನುಡಿಸಬಹುದು. ಕೆಳಗೆ ಇಳಿಸಿದಷ್ಟೂ ಸದ್ದು ದಪ್ಪ ಆಗುತ್ತೆ, ಉದ್ದವೂ ಆಗುತ್ತೆ. ಇಪ್ಪತ್ತನಾಲ್ಕು ಮನೆ ಇಳಿಸಿದ್ರೆ ಇಲಿ ಕೂಗಿದ್ದು ಎಮ್ಮೆ ಕೂಗಿದ ಹಾಗೆ ಕೇಳುತ್ತೆ. ಅದೇ ಬೇಸ್.”

“ಗುಡುಗಣ್ಣ ಕೊನೆಗೆ ಮಾಡಿದ ಹಾಡಿನ ಬೇಸ್ ಇದೇ ದನಿಯಿಂದ ಮಾಡಿದ್ದು.”

“ಹೌದು. ಇಪ್ಪತ್ತನಾಲ್ಕು ಮನೆ ಇಳಿಸಿ, ಮೇಲಿನ ಚೂಪು ದನಿಗಳನ್ನೆಲ್ಲ ಮುಚ್ಚಿ, ತಳ ಮಾತ್ರ ಬಿಟ್ಟಿದ್ದ. ನಾನು ಮುಚ್ಚಿದ್ದನ್ನ ತೆಗೆದು, ಮತ್ತೆ ಸೊನ್ನೆಗೆ ತಂದೆ. ಮಾತು ಕೇಳಿಸ್ತು.”

“ಸೊನ್ನೆ ಅಂದ್ರೆ?”

“ಪೆಟ್ಟಿಗೆ ಒಳಗೆ ಹೋದ ಹಾಗೆ.”

ಬರಹದಮ್ಮ ಬರೆದುಕೊಂಡರು. “ಅಲ್ಲಪ್ಪ, ಬೇಸ್ ಬೇಕಾದ್ರೆ ದಪ್ಪ ಸದ್ದನ್ನೇ ಹಿಡೀಬಹುದಲ್ಲ? ತೆಳ್ಳಗಿರೋದನ್ನ ಹಿಡಿದು ದಪ್ಪ ಮಾಡೋ ಪಾಡು ಯಾಕೆ?”

ಬೆಸುಗೆಯವನು ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. ಉತ್ತರ ಬಂದದ್ದು ಹೊಲಿಗೆಯವಳಿಂದ.

“ದಪ್ಪ ದನಿ ಹಿಡಿದು ಇನ್ನೂ ಇಳಿಸಿದ್ರೆ ಕೆಸರಾಗುತ್ತೆ ಅನ್ನೋರು ಅವರು. ಕಾಲಿಟ್ರೆ ಹೂತುಹೋಗುತ್ತೆ. ಮೇಲಿನ ದನಿ ಹಿಡಿದು ಇಳಿಸಿದ್ರೆ ಮರಳಾಗುತ್ತೆ, ಗಟ್ಟಿಯಾಗಿ ನಿಲ್ಲುತ್ತೆ.” ಅವಳ ಮುಖದಲ್ಲಿ ಒಂಬತ್ತು ದಿನದಲ್ಲಿ ಮೊದಲ ಬಾರಿಗೆ ಒಂದು ಎಳೆ ಬೆಳಕು ಬಂತು. “ಪೆಟ್ಟಿಗೆ ಹೊಟ್ಟೆನೂ ಚಿಕ್ಕದಂತೆ, ಹತ್ತು ಸೆಕೆಂಡಿನ ಸದ್ದು ತುಂಬಿದ್ರೆ ಮುಗೀತು. ಊಟಕ್ಕೆ ಕರೆದ್ರೂ ತಮ್ಮಷ್ಟಕ್ಕೆ ಗೊಣಗ್ತಿರೋರು, ‘ಓಡಿಸಿ ಒಳಗೆ ತಗೋ, ನಡೆಸಿ ಹೊರಗೆ ಬಿಡು’ ಅಂತ. ಮಂತ್ರದ ಹಾಗೆ.”

“ಏನದರ ಅರ್ಥ?”

“ಯಾರಿಗೆ ಗೊತ್ತು ಅಮ್ಮಾ. ಮಾತಾಡೋದೇ ತಿಂಗಳಿಗೊಂದು ಸಲ. ಅರ್ಥ ಬೇರೆ ಕೇಳಿದ್ರೆ ಮುಂದಿನ ತಿಂಗಳವರೆಗೆ ಕಾಯಬೇಕು.”

ಆ ಮಾತನ್ನೂ ಬರೆದುಕೊಂಡ ಬರಹದಮ್ಮ ಬೆಸುಗೆಯವನನ್ನು ನೋಡಿದರು. ಅವನು ತನ್ನ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅದು ಆಗಲೇ ಹೊಳೆಯುತ್ತಿತ್ತು.

“ಇನ್ನೊಂದು ಸಲ ಒತ್ತು.”

ಈ ಸಲ ಅವರು ಅರ್ಥ ಕೇಳಲಿಲ್ಲ. ಕೋರ್ಟಿನಲ್ಲಿ ಕಲಿತ ವಿದ್ಯೆ ಅದು: ಮಾತನ್ನು ಬಿಟ್ಟು ನಡಿಗೆಯನ್ನು ಕೇಳುವುದು. ಸಾಕ್ಷಿಕಟ್ಟೆ ಹತ್ತಿದ ಪ್ರತಿಯೊಬ್ಬನಿಗೂ ನಿಮಿಷಕ್ಕೆ ಇಷ್ಟು ಪದ ಎಂಬ ನಡಿಗೆ ಇರುತ್ತದೆ. ಹೊಲಿಗೆಯವಳದು ತೊಂಬತ್ತು. ದೊಡ್ಡಣ್ಣನದು ನೂರಾ ಐವತ್ತು, ಅದರಲ್ಲಿ ಅರ್ಧ ವ್ಯರ್ಥ. ಈ ದನಿಯದು ಹನ್ನೆರಡು ಪದ, ನಾಲ್ಕು ಸೆಕೆಂಡು. ನಿಮಿಷಕ್ಕೆ ನೂರಾ ಎಂಬತ್ತು.

“ಇವಳು ಇಷ್ಟು ಬೇಗ ಮಾತಾಡಿದ್ದನ್ನ ಯಾರಾದ್ರೂ ಕೇಳಿದ್ದೀರಾ?”

“ಸಿಟ್ಟು ಬಂದ್ರೆ ಮೂಗನೂ ಓಡ್ತಾನೆ,” ಎಂದ ದೊಡ್ಡಣ್ಣ. “ಅಮ್ಮಾ, ಹೊತ್ತು ಕಳೀಬೇಡಿ. ನನ್ನ ತಮ್ಮ ಅಲ್ಲಿ ಹೆಣದ ಹಾಗೆ ಮಲಗಿದ್ದಾನೆ. ನಮ್ಮ ಕಿವಿ ಕೇಳಿದ್ದನ್ನ ನಾವೇ ಸುಳ್ಳು ಅನ್ನೋದಾ?”

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ತಮ್ಮನ ಮೇಲಿನ ಅಕ್ಕರೆ ಸುಳ್ಳಲ್ಲ ಎನ್ನಿಸಿತು ಬರಹದಮ್ಮನಿಗೆ. ಹಾಗಾದರೆ ಸುಳ್ಳು ಎಲ್ಲಿದೆ? ಇವಳ ನಲವತ್ತು ನಿಮಿಷದಲ್ಲೇ? ಇವನ ಒರೆಸಿದ್ದನ್ನೇ ಒರೆಸುವ ಕೈಯಲ್ಲೇ? ಅಥವಾ ತಮ್ಮ ಮುದಿ ಕಿವಿಯಲ್ಲೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಕಣ್ಣಾರೆ ಕಂಡದ್ದಕ್ಕೇ ಅಷ್ಟು ಎಚ್ಚರಿಕೆಯಾದರೆ, ಪೆಟ್ಟಿಗೆಯಿಂದ ಕೇಳಿದ್ದಕ್ಕೆ ಇನ್ನೆಷ್ಟು?

ಅವರು ಕಣ್ಣು ಮುಚ್ಚಿ ತಮ್ಮ ದೇವರನ್ನು ನೆನೆದರು. ಬೇಡಲಿಲ್ಲ, ಸುಮ್ಮನೆ ನೆನೆದರು. “ಜೋರಾಗಿಟ್ಟು ಇನ್ನೊಂದು ಸಲ.”

ಮಾತಿನ ಹಿಂದೆ, ಗೋಡೆಯ ಆಚೆ ಯಾರೋ ಉಗುರಿನಿಂದ ಬಡಿದ ಹಾಗೆ, ಸಣ್ಣದೊಂದು ಸದ್ದು. ಟಿಕ್. ಟಿಕ್. ಟಿಕ್.

“ಗಡಿಯಾರ,” ಎಂದರು ಬರಹದಮ್ಮ. ಗೋಡೆಗಳನ್ನು ನೋಡಿದರು. ನಾಲ್ಕೂ ಬೋಳು. “ಇಲ್ಲಿದ್ದ ಗಡಿಯಾರ ಎಲ್ಲಿ?”

“ಇಲ್ಲಿ ಇರಲೇ ಇಲ್ಲ ಅಮ್ಮಾ. ಕೆಳಗೂ ಇಲ್ಲ. ಟಿಕ್ ಟಿಕ್ ಇದ್ರೆ ಅವರಿಗೆ ಕೆಲಸ ಆಗ್ತಿರಲಿಲ್ಲ.”

ಹಾಗಾದರೆ ಈ ಜಗಳ ಈ ಮನೆಯದ್ದೇ ಅಲ್ಲ. ಬರಹದಮ್ಮ ಕೈಗಡಿಯಾರ ಬಿಚ್ಚಿ ಮಂಡಿಯ ಮೇಲಿಟ್ಟುಕೊಂಡರು. “ಒತ್ತು.” ಎಣಿಸಿದರು. “ಒತ್ತು.” ಮತ್ತೆ ಎಣಿಸಿದರು.

“ನನ್ನ ಕೈಯಲ್ಲಿರೋದು ನಾಲ್ಕು ಸೆಕೆಂಡು ನಡೆಯೋಷ್ಟರಲ್ಲಿ ಆ ಗಡಿಯಾರ ಆರು ಟಿಕ್ ಅಂತು.”

“ಹಾಳಾದ ಗಡಿಯಾರ ಇರಬಹುದು,” ಎಂದ ದೊಡ್ಡಣ್ಣ.

“ಎಷ್ಟೇ ಹಾಳಾದ್ರೂ ಒಂದಕ್ಕೆ ಒಂದೂವರೆ ಓಡಲ್ಲಪ್ಪ. ಮನುಷ್ಯನಿಗೆ ಸಿಟ್ಟು ಬಂದ್ರೆ ಮಾತು ಓಡುತ್ತೆ ಅಂದೆಯಲ್ಲ, ಒಪ್ಪಿದೆ. ಗಡಿಯಾರಕ್ಕೆ ಸಿಟ್ಟು ಬರಲ್ಲ.”

ಅವರು ಪುಸ್ತಕದ ಹಿಂದಿನ ಹಾಳೆಗೆ ಹೋದರು. ಓಡಿಸಿ ಒಳಗೆ ತಗೋ. ನಡೆಸಿ ಹೊರಗೆ ಬಿಡು.

“ತಂಗಿ, ಹೊರಗಿನ ಸದ್ದು ಪೆಟ್ಟಿಗೆಗೆ ಹೋಗೋ ಮುಂಚೆ ಎಲ್ಲಿರ್ತಿತ್ತು?”

“ಟೇಪಿನಲ್ಲಿ. ಜೇಬಲ್ಲಿ ಸಣ್ಣ ರೆಕಾರ್ಡರ್ ಯಾವಾಗಲೂ ಇರೋದು. ಆಮೇಲೆ ಇದರಲ್ಲಿ ಹಾಕಿ ಪೆಟ್ಟಿಗೆಗೆ ಬಿಡೋರು.” ಅವಳು ಮೂಲೆಯ ಕ್ಯಾಸೆಟ್ ಯಂತ್ರವನ್ನು ತೋರಿಸಿದಳು. ಬಾಯಿ ತೆರೆದಿತ್ತು, ಒಳಗೆ ಟೇಪು ಇರಲಿಲ್ಲ. ಬಿದ್ದ ದಿನದಿಂದಲೂ ಇರಲಿಲ್ಲ. “ಅಯ್ಯೋ, ಇದು ನನ್ನ ಗುಂಡಿ!”

ಯಂತ್ರದ ಪಕ್ಕದಲ್ಲಿ, ಕಂಪನಿಯವರು ಇಟ್ಟಿರದ ಜಾಗದಲ್ಲಿ, ಕೋಟಿನ ಕರಿ ಗುಂಡಿಯೊಂದು ಅಂಟಿಕೊಂಡಿತ್ತು. ಅದರ ಸುತ್ತ ಬಿಳಿ ಬಣ್ಣದ ಚುಕ್ಕಿಗಳು. “ಹೋದ ವರ್ಷ ಒಂದು ಗುಂಡಿ ಬೇಕು ಅಂತ ಇಸ್ಕೊಂಡು ಹೋಗಿದ್ರು. ಇದಕ್ಕಾ?”

ಬರಹದಮ್ಮ ಬಗ್ಗಿ ನೋಡಿದರು. ಆರು ಚುಕ್ಕಿಗಳ ಮೇಲೆ ಧೂಳು. ಏಳನೆಯದರ ಸುತ್ತ ಬೆರಳು ಆಡಿ ಆಡಿ ಬಣ್ಣವೇ ಸವೆದಿತ್ತು.

“ಇದು ಟೇಪಿನ ವೇಗದ ತಿರುಪು, ಚುಕ್ಕಿಗೊಂದು ಮನೆ. ಅಲ್ವೇನಪ್ಪ?” ಅವರ ದನಿ ಏರಲಿಲ್ಲ. “ಏಳು ಮನೆ ಮೇಲಕ್ಕೆ ಓಡಿಸಿ ಒಳಗೆ ತಗೊಂಡ್ರೆ ಚಿಕ್ಕ ಹೊಟ್ಟೆಯಲ್ಲಿ ಹೆಚ್ಚು ಹಿಡಿಯುತ್ತೆ, ದನಿನೂ ತೆಳ್ಳಗಾಗುತ್ತೆ. ಆಮೇಲೆ ಕೆಳಗಿಳಿಸಿದ್ರೆ ಮರಳಿನಂಥ ಬೇಸ್. ಸೊನ್ನೆ ಅಂದ್ರೆ ಪೆಟ್ಟಿಗೆ ಒಳಗೆ ಹೋದ ಹಾಗೆ ಅಂದೆ ನೀನು. ಸುಳ್ಳು ಹೇಳಲಿಲ್ಲ. ಬಾಯಿಂದ ಹೊರಟ ಹಾಗೆ ಅಂತ ಮಾತ್ರ ಅನ್ನಲಿಲ್ಲ. ಏಳು ಮನೆ ಇಳಿಸು.”

ಬೆಸುಗೆಯವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿಕೊಂಡ.

“ಇಳಿಸು ಮಗನೆ.”

ಅವನ ಬೆರಳು ಏಳು ಸಲ ಕುಟುಕಿತು. ಆಮೇಲೆ ರಬ್ಬರ್ ಗುಂಡಿ.

ಟಿಕ್. ಗಡಿಯಾರ ತನ್ನ ನಡಿಗೆಗೆ ಬಂದಿತ್ತು. ಅದರ ಮುಂದೆ, ಓಡುವುದನ್ನು ಬಿಟ್ಟು ನಡೆಯತೊಡಗಿದ ದನಿ ಗಂಡಸಿನದು. ಮೆತ್ತಗಿನ, ನೊಂದ ದನಿ.

“ಹನ್ನೆರಡು ವರ್ಷ ನಿನಗಾಗಿ ಸವೆದೆ. ಹೆಸರು ನಿನಗೆ, ಸವೆತ ನನಗೆ…”

ಯಾರೂ ಯಾರ ಮುಖವನ್ನೂ ನೋಡಬೇಕಾಗಲಿಲ್ಲ.

“ನನ್ನದೇ,” ಎಂದ ಬೆಸುಗೆಯವನು. “ನನ್ನ ಅಂಗಡಿಯಲ್ಲಿ ಆಡಿದ್ದು. ಗೋಡೆ ಗಡಿಯಾರದ ಸದ್ದು ಹಿಡೀತೀನಿ ಅಂತ ಬಂದಿದ್ದ. ಆ ತಿರುಪು ಕೂರಿಸಿದ್ದು ನಾನು. ಪೆಟ್ಟಿಗೆ ಸತ್ತಾಗೆಲ್ಲ ಜೀವ ಕೊಟ್ಟದ್ದು ನಾನು. ‘ಗುಡುಗಣ್ಣನ ಬೇಸ್’ ಅಂತ ಊರೆಲ್ಲ ಅನ್ನುತ್ತೆ. ಒಂದು ದಿನ ಹೊಟ್ಟೆ ಉರೀತು, ಆಡಿಬಿಟ್ಟೆ. ಅವನು ತಿರುಗಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು ನನ್ನ ಸಿಟ್ಟನ್ನೇ ಹಾಡಿನ ತಳಕ್ಕೆ ಹಾಕಿದ್ದಾನೆ ಅಂತ ನಿನ್ನೆವರೆಗೂ ಗೊತ್ತಿರಲಿಲ್ಲ.”

“ನಿನ್ನೆ ಯಾಕೆ ಬಾಯಿ ಬಿಡಲಿಲ್ಲ?”

“ಹೆದರಿದೆ ಅಮ್ಮಾ. ಸೊನ್ನೆಗೆ ತಂದಾಗ ಹೆಣ್ಣುದನಿ ಬಂತು. ದೇವರೇ ದಾರಿ ತೋರಿಸಿದ ಅಂದ್ಕೊಂಡೆ.”

“ದೇವರ ಮೇಲೆ ಹಾಕಬೇಡಣ್ಣ,” ಎಂದಳು ಹೊಲಿಗೆಯವಳು. ಸಿಟ್ಟಿರಲಿಲ್ಲ, ಸುಸ್ತಿತ್ತು.

ದೊಡ್ಡಣ್ಣ ಎರಡು ಹೆಜ್ಜೆಯಲ್ಲಿ ಬಂದು ಅವನ ಕೊರಳಪಟ್ಟಿ ಹಿಡಿದ. “ನಿನ್ನನ್ನ ನಾನೇ ಕರ್ಕೊಂಡು ಬಂದೆನಲ್ಲೋ! ಕಳ್ಳನ ಕೈಗೆ ಬೀಗದಕೈ ಕೊಟ್ಟೆ! ಟೇಪು ಎಲ್ಲಿ ಬಚ್ಚಿಟ್ಟೆ?”

“ಟೇಪು ನಾನು ತಗೊಂಡಿಲ್ಲ. ಆ ದಿನ ನಾನು ಈ ಮನೆ ಹೊಸ್ತಿಲೇ ತುಳಿದಿಲ್ಲ. ದೇವರಾಣೆ.”

ದೊಡ್ಡಣ್ಣನ ಹಿಡಿತ, ಯಾಕೋ, ಸ್ವಲ್ಪ ಸಡಿಲಾಯಿತು. ಬರಹದಮ್ಮ ಅದನ್ನು ಕಂಡರು. ಅದರ ಅರ್ಥ ಮಾತ್ರ ಆಗಲಿಲ್ಲ.

“ಆಣೆ ಇಟ್ರೆ ಬಿಡ್ತಾರಾ? ನೀನು ಅಂಗಡಿಯಲ್ಲಿದ್ದೆ ಅನ್ನೋದಕ್ಕೆ ಯಾರಿದ್ದಾರೋ ಸಾಕ್ಷಿ?”

“ಯಾರೂ ಇಲ್ಲ,” ಎಂದ ಅವನು.

ಗೋಜಲಿನ ಎಳೆ ಕೈಗೆ ಸಿಕ್ಕಿತ್ತು. ಇನ್ನು ಹತ್ತು ನಿಮಿಷದಲ್ಲಿ ಹೊಲಿಗೆಯವಳು ಆಟೋ ಹತ್ತಿ ಆಸ್ಪತ್ರೆಗೆ ಹೋಗಬಹುದು, ಆ ಕಿರುಬೆರಳನ್ನು ಕರೆಯಬಹುದು. ಬರಹದಮ್ಮ ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಅವಳು ಬಾಯಿ ತೆರೆದಳು.

“ನಾನಿದ್ದೀನಿ.”

ಮೂವರೂ ತಿರುಗಿದರು.

“ಶಾಲೆಯಿಂದ ಬರ್ತಾ ಇವರ ಅಂಗಡಿ ಎದುರು ನಿಂತಿದ್ದೆ. ರಸ್ತೆಯ ಈಚೆ, ಚಪ್ಪಲಿ ಅಂಗಡಿ ನೆರಳಲ್ಲಿ. ಇಬ್ಬರ ನಡುವೆ ಏನೋ ಆಗಿದೆ, ಮನೆಯವರು ಊಟ ಬಿಟ್ಟಿದ್ದಾರೆ, ಒಂದು ಮಾತು ಕೇಳಿಬಿಡೋಣ ಅಂತ ಹೋದೆ. ಧೈರ್ಯ ಬರಲಿಲ್ಲ. ಗಾಜಿನಾಚೆ ಇವರು ಕಣ್ಣಿಗೆ ಸಣ್ಣದನ್ನ ದೊಡ್ಡದಾಗಿ ತೋರಿಸೋ ಲೆನ್ಸ್ ಸಿಗಿಸಿಕೊಂಡು ಬೆಸುಗೆ ಹಾಕ್ತಿದ್ರು. ಮೇಲೆ ಅದೇ ಗಡಿಯಾರ. ಹನ್ನೊಂದೂ ಹತ್ತರಿಂದ ಹನ್ನೊಂದೂವರೆವರೆಗೆ ಆ ಮುಳ್ಳನ್ನೇ ನೋಡ್ತಾ ನಿಂತಿದ್ದೆ. ಇವರು ಜಾಗ ಬಿಟ್ಟು ಏಳಲಿಲ್ಲ.”

“ಪರಪುರುಷನ ಅಂಗಡಿ ಮುಂದೆ ಇಪ್ಪತ್ತು ನಿಮಿಷ!” ದೊಡ್ಡಣ್ಣನ ಬಾಯಿ ತೆರೆದೇ ಇತ್ತು.

“ನೀವು ಹೀಗೇ ಅಂತೀರಿ ಅಂತಲೇ ಇಷ್ಟು ದಿನ ಹೇಳಲಿಲ್ಲ ಭಾವ.”

“ತಂಗಿ,” ಬರಹದಮ್ಮ ಹಾಳೆಯಿಂದ ತಲೆ ಎತ್ತಿದರು, “ಅವನು ನಿನ್ನನ್ನ ನೋಡಿದ್ನಾ?”

ಅವಳು ತಲೆಯಾಡಿಸಿದಳು. “ಇಲ್ಲ ಅಮ್ಮಾ. ಆ ಲೆನ್ಸ್ ಹಾಕಿದ್ರೆ ಒಂದು ಗೇಣು ಆಚೆ ಏನೂ ಕಾಣಲ್ಲ. ಅವರು ತಲೆ ಎತ್ತಲೇ ಇಲ್ಲ.”

ಬರಹದಮ್ಮನ ಕೈ ರೂಢಿಯಂತೆ ಅದನ್ನೂ ಬರೆಯಿತು. ಬರೆದಾದ ಮೇಲೆ ಮನಸ್ಸು ಓದಿತು. ಅವಳ ಮಾತು ಅವನನ್ನು ಉಳಿಸುತ್ತದೆ. ಅವನಲ್ಲ ಎಂದಾದರೆ ಅನುಮಾನ ಮತ್ತೆ ಅವಳ ಮೇಲೇ. ಅವಳನ್ನು ಉಳಿಸುವ ಮಾತು ಯಾರ ಬಾಯಲ್ಲೂ ಇಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದು. ಇನ್ಸ್‌ಪೆಕ್ಟರ್ ಹತ್ತು ನಿಮಿಷ ಮುಂಚೆಯೇ ಬಂದಿದ್ದರು, ಹಿಂದೆ ಒಬ್ಬಳು ಮಹಿಳಾ ಪೇದೆ. ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದರು.

“ಒಂದೇ ಪ್ರಶ್ನೆ,” ಎಂದರು ಅವರು. “ಆ ಹೊತ್ತಿನಲ್ಲಿ ಈಕೆ ಬೇರೆ ಕಡೆ ಇದ್ದದ್ದನ್ನ ಕಂಡವರು ಯಾರಾದ್ರೂ ಇದ್ದಾರಾ?”

ಬೆಸುಗೆಯವನು ಕೊರಳಪಟ್ಟಿ ಸರಿಮಾಡಿಕೊಂಡ. ಹೊಲಿಗೆಯವಳನ್ನು ನೋಡಲಿಲ್ಲ. “ನಾನು ಕಂಡೆ ಸಾರ್. ಅಂಗಡಿ ಎದುರು ನಿಂತಿದ್ರು. ನನ್ನ ಕಣ್ಣಾರೆ ಕಂಡೆ.”

ಹೊಲಿಗೆಯವಳು ತಟ್ಟನೆ ಅವನತ್ತ ತಿರುಗಿದಳು. ದೊಡ್ಡಣ್ಣ ಕಿಸಕ್ಕನೆ ನಕ್ಕ.

“ಅಮ್ಮನ್ನ ಕೇಳಿ ಸಾರ್. ಇಲ್ಲಿ ಆಡಿದ್ದನ್ನೆಲ್ಲ ಬರ್ಕೊಂಡಿದ್ದಾರೆ.”

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕುರ್ಚಿ ಎಳೆದುಕೊಂಡರು. ಬರಹದಮ್ಮನನ್ನು ಕೋರ್ಟಿನಿಂದಲೂ ಬಲ್ಲವರು ಅವರು. ಪುಸ್ತಕವನ್ನು ಕೈಗೆತ್ತಿಕೊಂಡು, ಆ ಗೀಟು ಕೊಕ್ಕೆಗಳನ್ನು ಒಂದು ಗಳಿಗೆ ದಿಟ್ಟಿಸಿ, ಎರಡೂ ಕೈಯಿಂದ ಅವರಿಗೇ ಮರಳಿ ಕೊಟ್ಟರು.

“ನಿಮ್ಮ ಪುಸ್ತಕ ಇದ್ರೆ ನನಗೆ ಬೇರೆ ಸಾಕ್ಷಿ ಬೇಡ ತಾಯಿ. ನಾನು ಬರೋ ಮುಂಚೆ ಬರೆದ ಕೊನೆಯ ಮೂರು ಸಾಲು ಓದಿ.”

ಬರಹದಮ್ಮ ಕನ್ನಡಕ ಏರಿಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ಅವನು ತಲೆ ಎತ್ತಲೇ ಇಲ್ಲ ಎಂದು ಅಲ್ಲಿತ್ತು; ಅದನ್ನು ಓದಬಲ್ಲವರು ಅವರೊಬ್ಬರೇ. ಶೀಘ್ರಲಿಪಿ ಕಲಿತಂದಿನಿಂದ ಮೊದಲ ಬಾರಿಗೆ, ತಮ್ಮದೇ ಕೈಬರಹ ಓದಲು ಅವರಿಗೆ ಹೊತ್ತು ಹಿಡಿಯಿತು.